ಡಿಫ್ರಾಗ್ ಎಂಬ ರೂಢಿ

ಹೈದರಾಬಾದಿನ ಕಂಪ್ಯೂಟರ್ ಚರಿತ್ರೆಯನ್ನು ಬಹುಮಂದಿ 1998ರಲ್ಲಿ ಉದ್ಘಾಟನೆಯಾದ ಸೈಬರ್ ಟವರ್ಸ್‌ನಿಂದ ಎಣಿಸುತ್ತಾರೆ. ನಿಜಕ್ಕೂ ಅದಕ್ಕೆ ಎಷ್ಟೋ ಮೊದಲು, 1967ರಲ್ಲಿ ಅದೇ ಊರಲ್ಲಿ ಸ್ಥಾಪನೆಯಾದ ಇಸಿಐಎಲ್ 1970ರ ದಶಕದಲ್ಲೇ ಟಿಡಿಸಿ ಸರಣಿಯ ಕಂಪ್ಯೂಟರುಗಳನ್ನು ತಯಾರಿಸುತ್ತಿತ್ತು. ಆದರೆ ಆ ಯಂತ್ರಗಳ ಆರೈಕೆ ತರಬೇತಾದ ಎಂಜಿನಿಯರುಗಳ ಕೆಲಸ. ಅದು ಮನೆಯವರ ಪಾಲಿಗೆ ಬಂದದ್ದು ಅಸೆಂಬಲ್ಡ್ ಪಿಸಿಗಳ ಕಾಲದಲ್ಲಿ. ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿರುವ ಚೆನಾಯ್ ಟ್ರೇಡ್ ಸೆಂಟರ್, ಅಂದರೆ ಎಲ್ಲರ ಬಾಯಲ್ಲಿರುವ ಸಿಟಿಸಿ, ಆ ವ್ಯಾಪಾರದ ಕೇಂದ್ರವಾಯಿತು. ಬಿಡಿ ಭಾಗ ಕೊಂಡು ಜೋಡಿಸಿಕೊಂಡ ಯಂತ್ರಕ್ಕೆ ಒಂದೇ ಕಂಪನಿಯ ಆಸರೆ ಇರದು. ನಿಧಾನವಾದರೆ ಮನೆಯವರೇ ನೋಡಿಕೊಳ್ಳಬೇಕು, ಇಲ್ಲವೇ ಅಂಗಡಿಗೆ ಹೊರಬೇಕು. ವಾರಕ್ಕೊಮ್ಮೆ ಡಿಫ್ರಾಗ್, ವರ್ಷಕ್ಕೊಮ್ಮೆ ಫಾರ್ಮ್ಯಾಟ್ ಎಂಬ ರೂಢಿ ಇಂಥ ಮಾರುಕಟ್ಟೆಗಳಲ್ಲಿ ಬೇರು ಬಿಟ್ಟಿತು.

ಇದನ್ನು ಮೂಢನಂಬಿಕೆ ಎಂದು ತಳ್ಳಿಹಾಕುವುದು ಅನ್ಯಾಯ. ನಿಮಿಷಕ್ಕೆ 5,400 ಸುತ್ತು ತಿರುಗುವ ಹಾರ್ಡ್ ಡಿಸ್ಕಿನ ತಟ್ಟೆ ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದು ಫೈಲು ನೂರು ಚೂರಾಗಿ ಹಂಚಿಹೋಗಿದ್ದರೆ, ಓದುವ ಹೆಡ್ಡು ನೂರು ಕಡೆ ಅಲೆದು, ಪ್ರತಿ ಕಡೆಯೂ ತಟ್ಟೆ ತಿರುಗಿ ಬರುವುದನ್ನು ಕಾಯಬೇಕು. ಅಷ್ಟಕ್ಕೇ ಸೆಕೆಂಡಿಗಿಂತ ಹೆಚ್ಚು ಹೊತ್ತು ವ್ಯರ್ಥ. ಚೂರುಗಳನ್ನು ಒಟ್ಟಿಗಿಡುವ ಡಿಫ್ರಾಗ್ 1993ರ ಎಂಎಸ್-ಡಾಸ್ 6ರಲ್ಲೇ ಸೇರಿತ್ತು. ವಿಂಡೋಸ್ 98ರ ಪರದೆಯಲ್ಲಿ ಬಣ್ಣದ ಚೌಕಗಳು ಒಂದೊಂದಾಗಿ ಜಾಗ ಬದಲಿಸುತ್ತಿದ್ದವು; ನಡುವೆ ಬೇರೆ ಪ್ರೋಗ್ರಾಮು ಡಿಸ್ಕಿಗೆ ಏನಾದರೂ ಬರೆದರೆ ಮೊದಲಿಂದ ಶುರು. ಕರೆಂಟು ಹೋಗಿ ಯಂತ್ರ ಥಟ್ಟನೆ ಆರಿದರೆ ಮುಂದಿನ ಸಲ ಡಿಸ್ಕು ಪರೀಕ್ಷಿಸುವ ಸ್ಕ್ಯಾನ್‌ಡಿಸ್ಕ್ ತಾನೇ ಎದ್ದು ನಿಲ್ಲುತ್ತಿತ್ತು. ಇಷ್ಟು ತಾಳ್ಮೆ ಬೇಡುವ ಕೆಲಸವನ್ನು ಜನ ನಿಷ್ಠೆಯಿಂದ ಮಾಡಿದ್ದು ಫಲ ಕಣ್ಣಿಗೆ ಕಂಡಿದ್ದರಿಂದ.

ಆ ಕಾರಣ ಈಗ ಉಳಿದಿಲ್ಲ. ಹಾರ್ಡ್ ಡಿಸ್ಕಿನ ಜಾಗಕ್ಕೆ ಬಂದಿರುವ ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ, ಅಲೆಯುವ ಹೆಡ್ಡಿಲ್ಲ. ಚೂರು ಎಲ್ಲಿದ್ದರೂ ಓದುವ ಹೊತ್ತು ಹೆಚ್ಚುಕಡಿಮೆ ಒಂದೇ. ಅದರ ಕೋಶಗಳು ಬರೆದಷ್ಟೂ ಸವೆಯುವುದರಿಂದ ಪದೇ ಪದೇ ಡಿಫ್ರಾಗ್ ಮಾಡಿದರೆ ನಷ್ಟವೇ. 2009ರ ವಿಂಡೋಸ್ 7 ಇಂಥ ಡ್ರೈವುಗಳನ್ನು ಗುರುತಿಸಿ ನಿಗದಿತ ಡಿಫ್ರಾಗ್‌ನಿಂದ ಹೊರಗಿಟ್ಟಿತು. ಹಳೆಯ ಡಿಸ್ಕು ಇನ್ನೂ ಎಷ್ಟೋ ಮನೆಗಳಲ್ಲಿದೆಯಲ್ಲ ಎನ್ನಬಹುದು. ನಿಜ, ಆದರೆ ಅಲ್ಲಿಯೂ ವಿಸ್ತಾ ಬಂದಾಗಿನಿಂದ ವಿಂಡೋಸೇ ವಾರವಾರ ಆ ಕೆಲಸ ಮುಗಿಸುತ್ತದೆ. ಫಾರ್ಮ್ಯಾಟ್ ಮಾಡಿದ ಮೇಲೆ ಯಂತ್ರ ಚುರುಕಾಗುವುದು ಸುಳ್ಳೇ ಎಂದು ಕೇಳುವವರೂ ಇದ್ದಾರೆ. ಸುಳ್ಳಲ್ಲ, ಆದರೆ ಅದರ ಶ್ರೇಯಸ್ಸಿನ ಬಹುಪಾಲು ಸಲ್ಲಬೇಕಾದದ್ದು ಡಿಸ್ಕು ಅಚ್ಚುಕಟ್ಟಾದದ್ದಕ್ಕಲ್ಲ, ಕಂಪ್ಯೂಟರ್ ಹಾಕಿದೊಡನೆ ತಾವೇ ಏಳುವ ಬೇಡದ ಪ್ರೋಗ್ರಾಮುಗಳು ಅಳಿಸಿಹೋದದ್ದಕ್ಕೆ. ಅವನ್ನು ಟಾಸ್ಕ್ ಮ್ಯಾನೇಜರಿನ ಸ್ಟಾರ್ಟ್‌ಅಪ್ ಪಟ್ಟಿಯಲ್ಲಿ ಆರಿಸಿ ನಿಲ್ಲಿಸಿದರೆ ಸಾಕು, ಡಿಸ್ಕಿನಲ್ಲಿ ಒಂದಷ್ಟು ಜಾಗ ಖಾಲಿ ಬಿಟ್ಟರೆ ಇನ್ನೂ ಒಳ್ಳೆಯದು. ಉಳಿದ ಶ್ರಮವನ್ನು ಬ್ಯಾಕಪ್‌ಗೆ ಕೊಡಿ. ಮನೆಯ ಫೋಟೊಗಳು, ಕಾಗದಪತ್ರಗಳು ಇನ್ನೊಂದು ಡಿಸ್ಕಿಗೆ ಹೋಗಿವೆಯೇ ಎಂದು ತೆರೆದು ನೋಡುವವರೆಗೆ ಯಾರಿಗೂ ಫಾರ್ಮ್ಯಾಟ್ ಮಾಡಲು ಒಪ್ಪಿಗೆ ಕೊಡಬೇಡಿ.