ತಲೆಮಾರಿನ ಅಂತರ: ಇತಿಹಾಸದ ಸಾಕ್ಷ್ಯವೇನು?



“ಇಂದಿನ ತರುಣರ ಮನಸ್ಸೇ ಬೇರೆ” ಎಂಬ ಮಾತನ್ನು ತಾವು ಎಷ್ಟು ಸಲ ಕೇಳಿರುವಿರೋ ಲೆಕ್ಕವಿಲ್ಲ. ಬಹುಶಃ ತಾವೂ ಆಡಿರಬಹುದು, ನಾನಂತೂ ಆಡಿದ್ದೇನೆ. ಕಳೆದ ವರ್ಷ ಪ್ರಸಾದನಿಲಯವೊಂದರ ಹಳೆಯ ವಿದ್ಯಾರ್ಥಿಗಳ ಕೂಟದಲ್ಲಿ, ಮೂವತ್ತು ವರ್ಷದೊಳಗಿನ ಇಬ್ಬರನ್ನು ಕಾರ್ಯಕಾರಿ ಸಮಿತಿಗೆ ಸೇರಿಸಿಕೊಳ್ಳಬೇಕೆಂಬ ಸೂಚನೆ ಬಂದಿತು. ಹಿರಿಯರೊಬ್ಬರು ಎದ್ದು ನಿಂತು, ನಮಗೂ ಅವರಿಗೂ ವಿಚಾರದಲ್ಲಿ ಭೂಮ್ಯಾಕಾಶಗಳ ಅಂತರವಿದೆ, ಒಂದೇ ಜಮಖಾನೆಯ ಮೇಲೆ ಕುಳಿತು ಕೆಲಸ ಮಾಡುವುದು ಆಗದ ಮಾತು ಎಂದರು. ಸೂಚನೆ ಬಿದ್ದುಹೋಯಿತು. ನಾನು ಸುಮ್ಮನೆ ಕುಳಿತಿದ್ದೆ. ವಯಸ್ಸಿನಲ್ಲಿ ಕಿರಿಯರಾಗಿದ್ದ ಚನ್ನಬಸವಣ್ಣನವರ ಜ್ಞಾನವನ್ನು ಹಾಡಿ ಹೊಗಳುವವರೇ ಆ ಸಭೆಯಲ್ಲಿ ತುಂಬಿದ್ದರೆಂಬುದು ಮನೆಗೆ ಬಂದ ಮೇಲೆ ನೆನಪಾಯಿತು. ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ತಲೆಮಾರಿನಿಂದ ತಲೆಮಾರಿಗೆ ಸಾಮಾಜಿಕ, ರಾಜಕೀಯ ದೃಷ್ಟಿ ನಿಜವಾಗಿಯೂ ಬೇರೆಯಾಗುತ್ತದೆಯೇ? ನಮ್ಮ ನಾಡಿನ ಕಳೆದ ನೂರಿಪ್ಪತ್ತೈದು ವರ್ಷಗಳ ಚರಿತ್ರೆಯನ್ನು ಈ ಒಂದು ಪ್ರಶ್ನೆಗಾಗಿ ತಿರುವಿ ಹಾಕಿದಾಗ ಕಂಡದ್ದನ್ನು ತಮ್ಮ ಮುಂದಿಡುತ್ತಿದ್ದೇನೆ.

ಮೊದಲು ಪುಣೆಯತ್ತ ಹೋಗೋಣ. ಉತ್ತರ ಕರ್ನಾಟಕವು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಆ ದಿನಗಳಲ್ಲಿ ನಮ್ಮ ತರುಣರನೇಕರಿಗೆ ವಿದ್ಯೆಯ ದಾರಿ ಪುಣೆಯೇ ಆಗಿತ್ತು. ಬಾಲ ಗಂಗಾಧರ ತಿಲಕರೂ ಗೋಪಾಳ ಗಣೇಶ ಅಗರಕರರೂ 1856ರ ಜುಲೈ ತಿಂಗಳಲ್ಲಿಯೇ ಹುಟ್ಟಿದವರು. ಡೆಕ್ಕನ್ ಕಾಲೇಜಿನಲ್ಲಿ ಒಡನಾಡಿಗಳು. ಸರಕಾರಿ ನೌಕರಿಯ ಆಸೆ ತೊರೆದು ಶಿಕ್ಷಣಕ್ಕಾಗಿ ದುಡಿಯಬೇಕೆಂದು ಕೂಡಿಯೇ ನಿಶ್ಚಯಿಸಿದವರು. ‘ಕೇಸರಿ’ ಪತ್ರಿಕೆಯಲ್ಲಿ ಕೂಡಿ ದುಡಿದವರು, 1882ರಲ್ಲಿ ಕೂಡಿಯೇ ಸೆರೆಮನೆ ಕಂಡವರು. ವಯಸ್ಸು, ಊರು, ವಿದ್ಯೆ, ಕಷ್ಟ ಎಲ್ಲವೂ ಒಂದೇ. ಆದರೆ ಸಮಾಜ ಸುಧಾರಣೆಯ ಪ್ರಶ್ನೆ ಎದ್ದಾಗ ಇಬ್ಬರೂ ಎದುರುಬದುರಾದರು. ಅಗರಕರರು ‘ಕೇಸರಿ’ಯನ್ನು ಬಿಟ್ಟು 1888ರಲ್ಲಿ ‘ಸುಧಾರಕ’ವನ್ನು ಹೊರಡಿಸಿದರು. ಬಾಲಕಿಯರ ರಕ್ಷಣೆಗಾಗಿ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸುವ ಕಾಯಿದೆ 1891ರಲ್ಲಿ ಬಂದಾಗ ಅಗರಕರರು ಅದರ ಪರ ನಿಂತರು. ಪರಕೀಯ ಸರಕಾರ ನಮ್ಮ ಮನೆಯೊಳಗೆ ಕೈಹಾಕಬಾರದೆಂದು ತಿಲಕರು ವಿರೋಧಿಸಿದರು. ಒಂದೇ ತಿಂಗಳಲ್ಲಿ ಹುಟ್ಟಿದವರ ನಡುವೆ ಇಷ್ಟು ಅಂತರವಿರುವಾಗ ಅದನ್ನು ತಲೆಮಾರಿನ ಅಂತರವೆಂದು ಹೇಗೆ ಕರೆಯುವುದು?

ಇದಕ್ಕೆ ಪ್ರತಿಯಾಗಿ ನಮ್ಮವರದೇ ಇನ್ನೊಂದು ಜೋಡಿಯುಂಟು. ಡಾ. ಫ. ಗು. ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ಆಲೂರು ವೆಂಕಟರಾಯರು ಹುಟ್ಟಿದ್ದು ಅದೇ ಜುಲೈ 12ರಂದು, ವಿಜಾಪುರದಲ್ಲಿ. ಧಾರವಾಡದವರು ವಿಜಾಪುರಕ್ಕೆ ಹೋಗಿ ವಕೀಲಿ ಮಾಡಿದರು, ವಿಜಾಪುರದವರು ಧಾರವಾಡಕ್ಕೆ ಬಂದು ವಕೀಲಿ ಮಾಡಿದರು. ಇಬ್ಬರಿಗೂ ಆ ವೃತ್ತಿ ಗೌಣವಾಯಿತು. ಆಲೂರರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಬರೆದು ಕನ್ನಡಿಗನಿಗೆ ತನ್ನ ಚರಿತ್ರೆಯನ್ನು ನೆನಪಿಸಿದರು. ಹಳಕಟ್ಟಿಯವರು ತಾಡೋಲೆಗಳಿಗಾಗಿ ಊರೂರು ಅಲೆದು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಕಿಗೆ ತಂದರು, ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಅವರಿಗೆ 1926ರಲ್ಲಿ ಬಳ್ಳಾರಿಯಲ್ಲಿ, ಇವರಿಗೆ 1930ರಲ್ಲಿ ಮೈಸೂರಿನಲ್ಲಿ ಸಂದಿತು. ಇಬ್ಬರೂ 1964ರಲ್ಲಿಯೇ ಲೋಕವನ್ನು ಬಿಟ್ಟರು. ಜಾತಿ ಬೇರೆ, ಕುಲಾಚಾರ ಬೇರೆ, ಆದರೂ ಮನಸ್ಸಿನ ಹದ ಒಂದೇ. ಇದನ್ನು ನೋಡಿದವರು, ಒಂದು ಕಾಲದಲ್ಲಿ ಬೆಳೆದವರಿಗೆ ಒಂದೇ ದೃಷ್ಟಿ ಬರುತ್ತದೆಂದು ಹೇಳಿದರೆ ತಕ್ಷಣ ಅಲ್ಲಗಳೆಯಲಾಗದು.

ಆದರೆ ಅಲ್ಲಿಗೇ ನಿಲ್ಲುವಂತಿಲ್ಲ. ಸರ್ ಸಿದ್ದಪ್ಪ ಕಂಬಳಿಯವರು ಹುಟ್ಟಿದ್ದು 1882ರಲ್ಲಿ, ಎಂದರೆ ಇವರಿಬ್ಬರಿಗಿಂತ ಎರಡೇ ವರ್ಷ ಕಿರಿಯರು. ಅವರೂ ವಕೀಲರೇ. ಬ್ರಾಹ್ಮಣೇತರ ಚಳವಳಿಯ ಮುಂದಾಳಾಗಿ, ಕಾಂಗ್ರೆಸ್ಸು ಸರಕಾರದೊಡನೆ ಸೆಣಸುತ್ತಿದ್ದ ಕಾಲದಲ್ಲಿ ಮುಂಬಯಿ ಸರಕಾರದ ಮಂತ್ರಿಪದವಿಯಲ್ಲಿದ್ದವರು ಅವರು. ಅದೇ ಕಂಬಳಿಯವರು 1924ರಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಾಗ, ಅಲ್ಲಿಯೇ ಸೇರಿದ ಮೊದಲ ಕರ್ನಾಟಕ ಏಕೀಕರಣ ಪರಿಷತ್ತಿಗೆ ಅಧ್ಯಕ್ಷರಾಗಿದ್ದರು. ರಾಜಕೀಯದಲ್ಲಿ ಆಲೂರರಿಗೆ ಅವರು ದೂರ, ನಾಡಿನ ಪ್ರಶ್ನೆಯಲ್ಲಿ ಹತ್ತಿರ. ಯಾವ ವಿಷಯದಲ್ಲಿ ಎಂಬುದನ್ನು ಕೇಳದೆ, ಒಂದು ತಲೆಮಾರಿನ ಅಭಿಪ್ರಾಯವೇನೆಂದು ಕೇಳುವುದೇ ತಪ್ಪು ಪ್ರಶ್ನೆಯಾಗುತ್ತದೆ.

ಕಾರ್ಲ್ ಮ್ಯಾನ್‌ಹೈಮ್ ಎಂಬ ಸಮಾಜಶಾಸ್ತ್ರಜ್ಞರು 1928ರಲ್ಲಿ ಜರ್ಮನಿಯಲ್ಲಿದ್ದಾಗ ಈ ವಿಷಯದ ಮೇಲೆ ಒಂದು ಪ್ರಸಿದ್ಧ ಪ್ರಬಂಧ ಬರೆದರು. ಒಂದೇ ಕಾಲದಲ್ಲಿ ಹುಟ್ಟಿದ ಮಾತ್ರಕ್ಕೆ ತಲೆಮಾರು ಆಗುವುದಿಲ್ಲ. ಹರೆಯದಲ್ಲಿ ಒಂದೇ ದೊಡ್ಡ ಘಟನೆಯ ಸುಳಿಗೆ ಸಿಕ್ಕಾಗ ಆಗುತ್ತದೆ. ಹಾಗೆ ಸಿಕ್ಕವರೂ ಅದಕ್ಕೆ ಪರಸ್ಪರ ವಿರುದ್ಧವಾದ ಉತ್ತರಗಳನ್ನು ಕೊಡಬಹುದು ಎಂಬುದು ಅವರ ವಾದದ ಸಾರ. ತಿಲಕ-ಅಗರಕರರ ವಿಷಯದಲ್ಲಿ ಇದು ಅಕ್ಷರಶಃ ಒಪ್ಪುತ್ತದೆ. ಹರೆಯದ ಮುದ್ರೆ ಸುಲಭವಾಗಿ ಅಳಿಯುವುದಿಲ್ಲವೆಂಬುದೂ ಸುಳ್ಳಲ್ಲ. ನನ್ನ ತಂದೆಯವರು 1942ರಲ್ಲಿ ಇಪ್ಪತ್ತರ ತರುಣರಾಗಿದ್ದರು. ಅಂದು ತೊಟ್ಟ ಖಾದಿಯನ್ನು ಕೊನೆಯವರೆಗೆ ಬಿಡಲಿಲ್ಲ. ಕಾಂಗ್ರೆಸ್ಸನ್ನು ಮಾತ್ರ ಅವರು ನಡುವೆ ಎರಡು ಸಲ ಬಿಟ್ಟರೆಂಬುದನ್ನೂ ಹೇಳದಿದ್ದರೆ ಸತ್ಯಕ್ಕೆ ಅಪಚಾರವಾದೀತು.

ಸ್ವಾತಂತ್ರ್ಯ ಹೋರಾಟವನ್ನು ಯುವಜನರ ದಂಗೆಯೆಂದು ವರ್ಣಿಸುವುದು ವಾಡಿಕೆ. 1930ರ ದಾಂಡಿಯಾತ್ರೆಯಲ್ಲಿ ಕರ್ನಾಟಕದಿಂದ ನಡೆದವರು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು, ಆಗ ಅವರಿಗೆ ಹತ್ತೊಂಬತ್ತೂ ತುಂಬಿರಲಿಲ್ಲ. ಮುಂದೆ ನಡೆಯುತ್ತಿದ್ದ ಗಾಂಧೀಜಿಯವರಿಗೆ ಅರುವತ್ತು ದಾಟಿತ್ತು. ಶಿವಮೊಗ್ಗ ಜಿಲ್ಲೆಯ ಈಸೂರಿನ ಕಥೆಯನ್ನಂತೂ ತಾವು ಬಲ್ಲಿರಿ. 1942ರಲ್ಲಿ ಆ ಊರು ತಾನು ಸ್ವತಂತ್ರವೆಂದು ಸಾರಿ, ಬಾಲಕರಿಬ್ಬರನ್ನು ಅಮಲ್ದಾರ ಹಾಗೂ ಪೊಲೀಸ್ ಅಧಿಕಾರಿಯನ್ನಾಗಿ ನೇಮಿಸಿಕೊಂಡಿತು. ಹುಡುಗರನ್ನು ಕಾಯಿದೆ ಸುಲಭವಾಗಿ ಶಿಕ್ಷಿಸಲಾರದೆಂಬ ಯೋಚನೆ ಅದರ ಹಿಂದಿತ್ತೆಂದು ಹೇಳುತ್ತಾರೆ. ಆ ಯೋಚನೆ ಹುಡುಗರದಲ್ಲ, ಊರ ಹಿರಿಯರದು. ಮುಂದೆ 1943ರ ಮಾರ್ಚಿಯಲ್ಲಿ ಆ ಊರಿನ ಐವರು ಗಲ್ಲಿಗೇರಿದರು. ಮರುತಿಂಗಳ ಮೊದಲ ದಿನವೇ ಹೊಸರಿತ್ತಿಯಲ್ಲಿ ಮೈಲಾರ ಮಹಾದೇವಪ್ಪನವರು ಗುಂಡಿಗೆ ಬಲಿಯಾದರು. ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯವರು 1871ರಲ್ಲಿ ಹುಟ್ಟಿ ತಿಲಕರ ಅನುಯಾಯಿಯಾಗಿ ಬೆಳೆದವರು. ಐವತ್ತರ ಹೊಸ್ತಿಲಲ್ಲಿ ಅವರು ಗಾಂಧೀಮಾರ್ಗವನ್ನು ಹಿಡಿದರು. ತಲೆಮಾರು ಬದಲಾಗಲಿಲ್ಲ, ಕಾಲ ಬದಲಾಯಿತು. ಅದರೊಡನೆ ಅದೇ ಮನುಷ್ಯ ಬದಲಾದ.

ಹಾಗಾದರೆ ತಲೆಮಾರಿನ ಅಂತರವೆಂಬುದು ಬರಿಯ ಭ್ರಮೆಯೇ? ಅಲ್ಲ. ಮನೆಯೊಳಗಿನ ಸಂಗತಿಗಳಲ್ಲಿ ಅದು ನಿಶ್ಚಯವಾಗಿ ಇದೆ. ಬಾಲ್ಯವಿವಾಹದ ಕಾಯಿದೆಗಳನ್ನು ನೋಡಿರಿ. ಮೈಸೂರು ಸಂಸ್ಥಾನ 1894ರಲ್ಲಿ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ಮೀರಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. ಎಂಟು ವರ್ಷ! ಇಂದು ಓದುವಾಗ ಮೈ ನಡುಗುತ್ತದೆ; ಅಂದು ಅಷ್ಟಕ್ಕೂ ಆಕ್ಷೇಪಣೆಯಿತ್ತು. 1929ರ ಶಾರದಾ ಕಾಯಿದೆ ಹೆಣ್ಣಿಗೆ ಹದಿನಾಲ್ಕು, ಗಂಡಿಗೆ ಹದಿನೆಂಟು ಎಂದಿತು. 1978ರಲ್ಲಿ ಅದು ಹದಿನೆಂಟು, ಇಪ್ಪತ್ತೊಂದು ಆಯಿತು. ಎಂಟರಿಂದ ಹದಿನೆಂಟಕ್ಕೆ ಬರಲು ಎಂಬತ್ತನಾಲ್ಕು ವರ್ಷಗಳು ಹಿಡಿದವು. ತಾಯಿಗೆ ಸಹಜವಾಗಿದ್ದುದು ಮಗಳಿಗೆ ಅಸಹ್ಯವಾಯಿತು, ಮೊಮ್ಮಗಳಿಗೆ ಕಥೆಯಾಯಿತು. ಇಂಥ ಮಾರ್ಪಾಡು ಸಭೆಯ ಭಾಷಣ ಕೇಳಿ ಒಂದು ಸಂಜೆಗೆ ಆಗುವುದಲ್ಲ. ಹಳಬರು ತೆರಳಿ ಹೊಸಬರು ಬರುತ್ತ ಆಗುವುದು. ಆದರೂ ಒಂದು ಸೋಜಿಗವನ್ನು ಗಮನಿಸಿರಿ: 1929ರ ಮಸೂದೆಯನ್ನು ಶಾಸನಸಭೆಗೆ ತಂದ ಹರಬಿಲಾಸ ಶಾರದಾ ಅವರು ಹುಟ್ಟಿದ್ದು 1867ರಲ್ಲಿ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಅವರು ಆ ಕೆಲಸ ಹಿಡಿದರು. ಹೊಸ ತಲೆಮಾರಿನ ಮನಸ್ಸಿಗೆ ದಾರಿ ಮಾಡಿಕೊಟ್ಟವರು ಹಳೆಯ ತಲೆಮಾರಿನ ಒಬ್ಬರೇ.

ಇನ್ನು ಏಕೀಕರಣದ ಕೊನೆಯ ಘಟ್ಟ. ರಾಜ್ಯ ಪುನರ್ವಿಂಗಡಣಾ ಆಯೋಗದ ವರದಿ 1955ರಲ್ಲಿ ಹೊರಬಿದ್ದಾಗ ಹಳೆಯ ಮೈಸೂರಿನಲ್ಲಿ ದೊಡ್ಡ ವಿವಾದವೆದ್ದಿತು. ನಮ್ಮ ಕೈಗಾರಿಕೆ, ನಮ್ಮ ವಿದ್ಯುತ್ತು, ನಮ್ಮ ಬೊಕ್ಕಸದ ಹಣ ಹಿಂದುಳಿದ ಸೀಮೆಗಳಿಗೆ ಹರಿದುಹೋದೀತೆಂದು ಕೆಲವರು ಅಂಜಿದರು. ಕೂಡಿದ ನಾಡಿನಲ್ಲಿ ಯಾವ ಸಮುದಾಯದ ಸಂಖ್ಯಾಬಲ ಎಷ್ಟಾದೀತೆಂಬ ಲೆಕ್ಕಾಚಾರವೂ ನಡೆಯಿತು. ಅದರಲ್ಲಿ ನಮ್ಮ ಸಮಾಜದ ಹೆಸರೂ ಬರುತ್ತಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆ ಅಂಜಿಕೆ ಹಿರಿಯರದೂ ಅಲ್ಲ, ಕಿರಿಯರದೂ ಅಲ್ಲ, ಒಂದು ಸೀಮೆಯದು. ಅದೇ ಸೀಮೆಯಲ್ಲಿ 1908ರಲ್ಲಿ ಹುಟ್ಟಿದ ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾಗಿದ್ದು, ತಮ್ಮವರ ಅಸಮಾಧಾನವನ್ನು ಕಟ್ಟಿಕೊಂಡು ಏಕೀಕರಣದ ಪರ ನಿಂತರು. ಆ ನಿಲುವಿಗೆ ಅವರು ಬೆಲೆ ತೆತ್ತರು. 1956ರ ನವೆಂಬರ್ 1ರಂದು ವಿಶಾಲ ಮೈಸೂರು ಉದಯಿಸಿದಾಗ ಮುಖ್ಯಮಂತ್ರಿಯ ಸ್ಥಾನದಲ್ಲಿದ್ದವರು ಅವರಲ್ಲ, ಎಸ್. ನಿಜಲಿಂಗಪ್ಪನವರು.

ಒಂದು ಸಾಕ್ಷ್ಯವನ್ನು ಮಾತ್ರ ಹೇಳಿ ಮುಗಿಸುತ್ತೇನೆ. ಸಂವಿಧಾನದ 61ನೆಯ ತಿದ್ದುಪಡಿಯನ್ನು 1988ರ ಡಿಸೆಂಬರಿನಲ್ಲಿ ಸಂಸತ್ತು ಅಂಗೀಕರಿಸಿತು. ಮತದಾನದ ವಯಸ್ಸು ಇಪ್ಪತ್ತೊಂದರಿಂದ ಹದಿನೆಂಟಕ್ಕೆ ಇಳಿಯಿತು. ಹೊಸ ತರುಣರೆಲ್ಲ ಒಂದೇ ಕಡೆ ಹರಿದು ದೇಶದ ದಿಕ್ಕನ್ನೇ ಬದಲಿಸುವರೆಂದು ಅಂದು ಹಳ್ಳಿಯ ಕಟ್ಟೆಗಳ ಮೇಲೂ ಚರ್ಚೆ ನಡೆದದ್ದು ನನಗೆ ನೆನಪಿದೆ. 1989ರ ಚುನಾವಣೆಯಲ್ಲಿ ಉತ್ತರ ಭಾರತ ರಾಜೀವ್ ಗಾಂಧಿಯವರ ಸರಕಾರವನ್ನು ಕೆಳಗಿಳಿಸಿತು. ಅದೇ ಚುನಾವಣೆಯಲ್ಲಿ ಕರ್ನಾಟಕ 28 ಲೋಕಸಭಾ ಸ್ಥಾನಗಳಲ್ಲಿ 27ನ್ನು ಅವರ ಪಕ್ಷಕ್ಕೆ ಕೊಟ್ಟಿತು. ಮತಪೆಟ್ಟಿಗೆಯೊಳಗಿನ ಚೀಟಿಗೆ ವಯಸ್ಸು ಬರೆದಿರುವುದಿಲ್ಲ, ನಿಜ. ಆದರೂ ಹದಿನೆಂಟರ ಮನಸ್ಸು ಎಲ್ಲೆಡೆಯೂ ಒಂದೇ ಆಗಿದ್ದರೆ, ಅದರ ಗುರುತು ಅಲ್ಲಿಯೂ ಇಲ್ಲಿಯೂ ಒಂದೇ ಬಗೆಯಾಗಿ ಮೂಡಬೇಕಾಗಿತ್ತಲ್ಲವೆ? ಇಲ್ಲಿಯ ಮಗ ಅಲ್ಲಿಯ ತನ್ನ ಓರಗೆಯವನಿಗಿಂತ, ಇಲ್ಲಿಯ ತಂದೆಗೇ ಹತ್ತಿರವಿದ್ದಂತೆ ನನಗೆ ತೋರುತ್ತದೆ.

ನಮ್ಮ ಕೂಟದ ವಾರ್ಷಿಕ ಸಭೆ ಈ ಸಲವೂ ಜಾತ್ರೆಯ ಮರುದಿನ ಸೇರುವುದಿದೆ. ಬಿದ್ದುಹೋದ ಆ ಸೂಚನೆಯನ್ನು ಈ ಬಾರಿ ನಾನೇ ಮಂಡಿಸುವವನಿದ್ದೇನೆ. ಅನುಮೋದಿಸಲು ಒಬ್ಬರು ಬೇಕು. ವಾಚಕರಲ್ಲಿ ಯಾರಾದರೂ ಅಂದು ಬರುವಿರಾದರೆ ಮುಂದಿನ ಸಾಲಿನಲ್ಲಿಯೇ ಕುಳಿತುಕೊಳ್ಳಿರಿ.