ಬಿದ್ದವನ ವಾದ: ಶಿರಸಿ ಸೀಮೆಯ ತಾಳಮದ್ದಳೆ ಮತ್ತು ಯುದ್ಧಕಾವ್ಯದ ವೈರಿ

ಯುದ್ಧವನ್ನು ಹಾಡುವ ಕವಿ ಬಿದ್ದ ವೈರಿಯಲ್ಲಿ ಮನುಷ್ಯನನ್ನು ಕಾಣುವುದು ಕನಿಕರದಿಂದ ಎಂದು ಸಾಮಾನ್ಯವಾಗಿ ಹೇಳಿಬಿಡುತ್ತೇವೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯಲ್ಲಿ ಮಳೆಗಾಲ ಬಂತೆಂದರೆ ದೇವಸ್ಥಾನದಲ್ಲೋ ಮನೆಯ ಜಗಲಿಯಲ್ಲೋ ನಡೆಯುವ ತಾಳಮದ್ದಳೆ ಕೂಟಗಳನ್ನು ಗಮನಿಸಿದರೆ ಈ ಉತ್ತರ ಸಾಲದೆನಿಸುತ್ತದೆ. ಕನಿಕರದಲ್ಲಿ ಗೆದ್ದವನದೇ ಮೇಲುಗೈ, ಬಿದ್ದವನು ಕೈಯೊಡ್ಡಬೇಕು. ಕೂಟದಲ್ಲಾದರೋ ಬಿದ್ದವನು ಪ್ರಶ್ನೆ ಕೇಳುತ್ತಾನೆ, ಗೆದ್ದವನು ಉತ್ತರ ಹುಡುಕಬೇಕಾಗುತ್ತದೆ. ಕನ್ನಡದ ಯುದ್ಧಕಾವ್ಯದಲ್ಲಿ ವೈರಿಯ ಮನುಷ್ಯತ್ವ ಗಟ್ಟಿಯಾಗಿ ನಿಲ್ಲುವುದು ಅವನಿಗೆ ದಕ್ಕಿದ ಮಾತಿನ ಪಾಲಿನಿಂದ ಎಂಬುದು ಈ ಲೇಖನದ ವಾದ.

ಈ ಪಾಲು ಕೂಟದಲ್ಲಿ ಹುಟ್ಟಿದ್ದಲ್ಲ. ಈಗಿನ ಶಿರಸಿ ತಾಲೂಕಿಗೆ ಸೇರಿದ ಬನವಾಸಿಯನ್ನು ಮನಸಾರೆ ಹೊಗಳಿದ ಪಂಪ ಕಲಿಯೂ ಕವಿಯೂ ಆಗಿದ್ದವನು. ಕ್ರಿ.ಶ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿಯೂ, ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನೇ ನೆನೆಯಬೇಕೆಂದು ಅವನು ಹೇಳುತ್ತಾನೆ. ರನ್ನನ ‘ಗದಾಯುದ್ಧ’ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ಚಾಳುಕ್ಯ ಸತ್ಯಾಶ್ರಯ ಭೀಮನಿಗೆ ಸಮ. ಆದರೂ ಸಂಜಯನೊಡನೆ ಹೆಣಗಳ ನಡುವೆ ನಡೆಯುವ ದುರ್ಯೋಧನನೇ ಕಾವ್ಯವನ್ನು ಆಳುತ್ತಾನೆ. ಅವನ ಕಣ್ಣಿಗೆ ಅಭಿಮನ್ಯುವಿನ ಕಳೇಬರ ಬೀಳುತ್ತದೆ. ಭಾರತದ ಕಥೆಯಂತೆ ದುರ್ಯೋಧನನ ಮಗ ಲಕ್ಷ್ಮಣನನ್ನು ಕೊಂದವನು ಇದೇ ಹುಡುಗ. ಅವನಿಗೆ ದುರ್ಯೋಧನ ಕೈ ಮುಗಿಯುತ್ತಾನೆ, ಚಕ್ರವ್ಯೂಹ ಹೊಕ್ಕ ಸಾಹಸವನ್ನೂ ಹೆತ್ತ ತಾಯಿಯನ್ನೂ ಕೊಂಡಾಡುತ್ತಾನೆ, ಆ ಸಾಹಸದ ಒಂದಂಶವಾದರೂ ಇರುವ ಸಾವು ತನಗೆ ಬರಲೆಂದು ಬೇಡುತ್ತಾನೆ. ಮಗನ ಹೆಣದ ಮುಂದೆ ನಿಂತು, ಮಗ ತಂದೆಗೆ ಕೊಡಬೇಕಾದ ತರ್ಪಣವನ್ನು ತಂದೆಯೇ ಮಗನಿಗೆ ಕೊಡುವಂತಾಯಿತೇ ಎಂದು ಅಳುವುದು ಆ ಬಳಿಕ. ಈ ಅನುಕ್ರಮ ಮುಖ್ಯವಾದದ್ದು. ಮಗನಿಗಾಗಿ ಅಳುವ ಮೊದಲೇ ಮಗನನ್ನು ಕೊಂದವನಿಗೆ ಸಲ್ಲಬೇಕಾದ ಗೌರವ ಸಂದಿದೆ. ಸತ್ತ ವೈರಿಯನ್ನು ಮನುಷ್ಯನೆಂದು ಗುರುತಿಸಿದವನು ಇಲ್ಲಿ ಸ್ವತಃ ಸೋಲುತ್ತಿರುವ ವೈರಿ. ಗುರುತಿಸಿದ ಗಳಿಗೆಯಲ್ಲಿ ಅವನೂ ನಮಗೆ ಮನುಷ್ಯನಾಗುತ್ತಾನೆ.

ತಾಳಮದ್ದಳೆ ಇದನ್ನೇ ಪ್ರಯೋಗದ ನಿಯಮವನ್ನಾಗಿ ಮಾಡಿಕೊಂಡಿದೆ. ಭಾಗವತರು ಹಾಡುವ ಪದ್ಯ ಕೆಲವೇ ಸಾಲಿನದು. ಅದರ ಅರ್ಥವನ್ನು ಅರ್ಥಧಾರಿ ಅಲ್ಲೇ ಕಟ್ಟಬೇಕು, ಎಷ್ಟು ಹೊತ್ತಾದರೂ ಬೆಳೆಸಬಹುದು. ವೇಷವಿಲ್ಲ, ಕುಣಿತವಿಲ್ಲ, ರಾಮನೂ ವಾಲಿಯೂ ಒಂದೇ ಬಗೆಯ ಪಂಚೆ ಶಲ್ಯದಲ್ಲಿ ಎದುರುಬದುರು ಕೂತಿರುತ್ತಾರೆ. ವೇಷ ಕಟ್ಟಿ ಕುಣಿಯುವ ಯಕ್ಷಗಾನದ ಆಟದಲ್ಲಿ ಕಿರೀಟ, ಬಣ್ಣ, ಪ್ರವೇಶದ ಅಬ್ಬರ ಮೊದಲೇ ಪಕ್ಷ ಹೇಳಿಬಿಡುತ್ತವೆ. ಕೂಟದಲ್ಲಿ ಆ ಅನುಕೂಲ ಯಾರಿಗೂ ಇಲ್ಲ. ವಾಲಿವಧೆಯಲ್ಲಿ ಬಾಣ ತಾಗುವುದರೊಂದಿಗೆ ಯುದ್ಧ ಮುಗಿಯುತ್ತದೆ, ಪ್ರಸಂಗ ಏರುವುದು ಅಲ್ಲಿಂದ. ನಿನಗೆ ನಾನೇನು ಕೆಡುಕು ಮಾಡಿದ್ದೆ, ಎದುರು ನಿಲ್ಲದೆ ಮರೆಯಿಂದ ಏಕೆ ಹೊಡೆದೆ ಎಂದು ವಾಲಿ ಕೇಳುವಾಗ ರಾಮನ ಅರ್ಥಧಾರಿ ಭಕ್ತಿಯ ನೆರಳಿಗೆ ಸರಿದರೆ ಸಭೆಗೆ ಒಡನೆ ತಿಳಿಯುತ್ತದೆ. ತಮ್ಮನ ಹೆಂಡತಿಯನ್ನು ಇರಿಸಿಕೊಂಡ ತಪ್ಪನ್ನು ಅವನು ಮುಂದಿಡಲೇಬೇಕು; ಅದು ದುರ್ಬಲವಾದ ಆಧಾರವೇನೂ ಅಲ್ಲ. ಮಾತಿನ ಪಾಲು ಸಿಕ್ಕಿತೆಂದು ವಾಲಿ ನಿರಪರಾಧಿಯಾಗುವುದಿಲ್ಲ. ತಪ್ಪಿತಸ್ಥನೂ ವಿವರಣೆ ಕೇಳಬಲ್ಲ ಎಂಬುದಷ್ಟೇ ಇಲ್ಲಿ ಸ್ಥಾಪಿತವಾಗುತ್ತದೆ, ಮತ್ತು ವೈರಿಯನ್ನು ಸದ್ಗುಣಿಯಾಗಿಸಿ ಪ್ರೀತಿಸುವುದಕ್ಕಿಂತ ಇದು ಕಷ್ಟದ ಕೆಲಸ.

ಇದೆಲ್ಲ ಗೆದ್ದವನ ಕೀರ್ತಿ ಹೆಚ್ಚಿಸುವ ಉಪಾಯ ಎಂದು ಅಲಂಕಾರಶಾಸ್ತ್ರ ಬಲ್ಲವರು ಆಕ್ಷೇಪಿಸಬಹುದು. ಪ್ರತಿನಾಯಕನ ವಂಶ, ಶೌರ್ಯ, ವಿದ್ಯೆಗಳನ್ನು ಬಣ್ಣಿಸಿ ಅವನನ್ನು ಗೆದ್ದ ನಾಯಕನ ಉತ್ಕರ್ಷ ತೋರುವುದು ತನಗೆ ಮೆಚ್ಚುಗೆಯೆಂದು ದಂಡಿ ‘ಕಾವ್ಯಾದರ್ಶ’ದಲ್ಲಿ ಹೇಳಿದ್ದಾನೆ. ಮ್ಯಾರಥಾನ್ ಯುದ್ಧದಲ್ಲಿ ಪರ್ಷಿಯನ್ನರ ವಿರುದ್ಧ ಕಾದಿದ ಗ್ರೀಕ್ ನಾಟಕಕಾರ ಈಸ್ಕಿಲಸ್ ಕ್ರಿ.ಪೂ. 472ರಲ್ಲಿ ಅವರ ಅಳಲನ್ನೇ ಅಥೆನ್ಸಿನ ರಂಗಕ್ಕೆ ತಂದ ನಾಟಕದ ಬಗೆಗೂ ಇದೇ ಜಗಳವಿದೆ: ಅದು ಮರುಕವೋ, ವಿಜಯೋತ್ಸವವೋ? ದಂಡಿಯ ಮಾತು ಪಂಪನ ಕರ್ಣನಿಗೆ ಸ್ವಲ್ಪ ಮಟ್ಟಿಗೆ ಅನ್ವಯಿಸುತ್ತದೆಂದು ಒಪ್ಪಬಹುದು. ಆದರೆ ಅಭಿಮನ್ಯುವಿನ ಮುಂದೆ ಕೈ ಮುಗಿದ ದುರ್ಯೋಧನನಿಂದ ಭೀಮನಿಗೆ ಬಂದ ಕೀರ್ತಿ ಯಾವುದು? ವಾಲಿಯ ಪ್ರಶ್ನೆಯಿಂದ ರಾಮನ ಯಶಸ್ಸು ಹೊಳೆಯುವ ಬದಲು ಜಿಜ್ಞಾಸೆಗೆ ಈಡಾಗುತ್ತದೆ. ಉಪಾಯವಾಗಿ ಶುರುವಾದದ್ದು ಕವಿಯ ಕೈಮೀರಿ ಬೆಳೆದಿದೆ ಎನ್ನುವುದೇ ಸರಿಯಾದೀತು.

ಎರಡನೆಯ ಆಕ್ಷೇಪ ನೆಂಟಸ್ತನದ್ದು. ಕರ್ಣ ಅಣ್ಣ, ದುರ್ಯೋಧನ ದಾಯಾದಿ; ಕುಮಾರವ್ಯಾಸನ ಅರ್ಜುನ ಕರ್ಣನನ್ನು ಕೊಲ್ಲಲು ಮನಸ್ಸು ಬಾರದೆ ಇವನು ತಮಗೇನಾಗಬೇಕೆಂದು ಕೃಷ್ಣನನ್ನು ಕೇಳುವುದು ರಕ್ತದ ಸೆಳೆತದಿಂದಲೇ ಎನ್ನಬಹುದು. ಹೌದು, ಭಾರತದ ಪ್ರಸಂಗಗಳಲ್ಲಿ ಈ ಎಳೆಯನ್ನು ಬಿಡಿಸುವುದು ಸುಲಭವಲ್ಲ. ವಾಲಿ ಮಾತ್ರ ರಾಮನಿಗೆ ನೆಂಟನಲ್ಲ, ಹಳೆಯ ಹಗೆಯೂ ಅಲ್ಲ. ಸುಗ್ರೀವನ ಸಖ್ಯದಿಂದ ವೈರಿಯಾದವನು. ಆದರೂ ಕೂಟ ಅವನಿಗೆ ಕರ್ಣನಿಗಿಂತ ಕಡಿಮೆ ಹೊತ್ತು ಕೊಡುವುದಿಲ್ಲ. ಕೊನೆಗೆ ಎಲ್ಲರಿಗೂ ಮೋಕ್ಷ ಸಿಗುವುದರಿಂದ ಹಗೆತನ ಕರಗುವುದು ಭಕ್ತಿಯಲ್ಲಿ ಎಂಬ ಮಾತೂ ಇದೆ. ಮಂಗಳ ಹಾಡುವ ಹೊತ್ತಿಗೆ ಅದು ನಿಜ. ಅಷ್ಟರೊಳಗೆ ವಾದ ನಡೆದು ಹೋಗಿರುತ್ತದೆ, ಮರುದಿನ ಅಡಕೆ ತೋಟದಲ್ಲಿ ಚರ್ಚೆಯಾಗುವುದು ವಾಲಿಯ ಮೋಕ್ಷವಲ್ಲ, ಅವನ ವಾದ.

ತಳ್ಳಿಹಾಕಲಾಗದ ಆಕ್ಷೇಪ ಬೇರೆಯದು. ಮಾತಿನ ಪಾಲು ದಕ್ಕುವುದು ಅರಸರಿಗೆ, ಮಹಾರಥರಿಗೆ. ರನ್ನನ ರಣರಂಗದಲ್ಲಿ ದುರ್ಯೋಧನನ ಕಾಲಿಗೆ ತೊಡರುವ ಹೆಣಗಳಿಗೆ ಹೆಸರಿಲ್ಲ. ಬನವಾಸಿ ನಾಡಿನ ವೀರಗಲ್ಲುಗಳು ಈ ಕೊರತೆಯನ್ನು ಅರ್ಧ ತುಂಬುತ್ತವೆ: ಊರಿನ ದನ ಕಾಯಲು ಹೋಗಿ ಸತ್ತ ಸಾಮಾನ್ಯನನ್ನೂ ಅಪ್ಸರೆಯರು ಮೇಲಿನ ಪಟ್ಟಿಕೆಗೆ ಕರೆದೊಯ್ಯುತ್ತಾರೆ. ಆದರೆ ಕೆಳಗಿನ ಪಟ್ಟಿಕೆಯಲ್ಲಿ ಅವನ ಕತ್ತಿಗೆ ಸಿಕ್ಕಿದವನು ಬರಿಯ ಆಕೃತಿ. ಕಲ್ಲು ತನ್ನ ಊರಿನವನನ್ನು ಉಳಿಸಿತು, ಕಾವ್ಯ ಎದುರಾಳಿ ಅರಸನನ್ನು ಉಳಿಸಿತು. ಎದುರು ಪಡೆಯ ಕಾಲಾಳಿಗೆ ಅರ್ಥ ಹೇಳಲು ಪ್ರಸಂಗಕರ್ತರು ಇನ್ನೂ ಪದ್ಯ ಕೊಟ್ಟಿಲ್ಲ.