ಹಟ್ಟಿಯ ಚಿನ್ನವೂ ಕಂಪನಿಯ ಕಾಗದಗಳೂ

ಬೇಗಂಪೇಟೆಯ ಬ್ಯಾಂಕೊಂದರಲ್ಲಿ ಗುಮಾಸ್ತರಾಗಿರುವ ನಮ್ಮ ಮೇಜಿಗೆ ಹೊಸ ಕಂಪನಿಯವರು ಖಾತೆ ತೆರೆಯಲು ಬಂದರೆ ನಾವು ಮುಖ್ಯವಾಗಿ ಮೂರು ಕಾಗದಗಳನ್ನು ಕೇಳುತ್ತೇವೆ. ರಿಜಿಸ್ಟ್ರಾರರು ಕೊಟ್ಟ ನೋಂದಣಿ ಪತ್ರ ಒಂದು. ಹೆಸರು, ಕಚೇರಿಯಿರುವ ರಾಜ್ಯ, ಉದ್ದೇಶ, ಹೊಣೆ, ಬಂಡವಾಳಗಳನ್ನು ತಿಳಿಸುವ ಮೆಮೊರಾಂಡಂ ಇನ್ನೊಂದು. ಒಳಾಡಳಿತದ ನಿಯಮಗಳುಳ್ಳ ಆರ್ಟಿಕಲ್ಸ್ ಮತ್ತೊಂದು. ಈಚೆಗೆ ಬಂದಿದ್ದ ಕನ್ನಡದ ತರುಣರೊಬ್ಬರಿಗೆ ಮೆಮೊರಾಂಡಮ್ಮಿನ ಕೊನೆಯಲ್ಲಿ ತಮ್ಮ ಹೆಸರಿನ ಮುಂದೆ ಬರೆದ ಷೇರುಗಳೆಷ್ಟೆಂಬುದೇ ತಿಳಿದಿರಲಿಲ್ಲ. ಸಹಿಯನ್ನು ಮಾತ್ರ ಹಾಕಿದ್ದರು! ಆಗ ನಮಗೆ ಈ ನಗರದ ಹಳೆಯ ಕಥೆಯೊಂದು ನೆನಪಾಯಿತು.

1886ರಲ್ಲಿ ನಿಜಾಮರ ಸರ್ಕಾರ ವಾಟ್ಸನ್, ಸ್ಟೂವರ್ಟ್ ಎಂಬ ಇಬ್ಬರು ಆಂಗ್ಲರಿಗೆ ಸಂಸ್ಥಾನದ ಗಣಿಗಳ ಹಕ್ಕನ್ನು ನೀಡಿತು. ರಾಯಚೂರು ಸೀಮೆಯೂ ಆಗ ಈ ಸಂಸ್ಥಾನದ್ದೇ. ಲಂಡನ್ನಿನಲ್ಲಿ ಕಂಪನಿ ಹುಟ್ಟಿತು. ಬಂಡವಾಳ 10 ಲಕ್ಷ ಪೌಂಡು, ಷೇರುಗಳು 1 ಲಕ್ಷ. ಅದರಲ್ಲಿ 85,000 ಷೇರುಗಳು ಹಕ್ಕು ಪಡೆದವರಿಗೇ ಹೋದುವು. ಜನರ ಪಾಲಿಗೆ ಉಳಿದದ್ದು 15,000. ಸಾಲದೆಂಬಂತೆ, ಸಂಸ್ಥಾನದ ಪರವಾಗಿ ಷೇರು ಕೊಳ್ಳಹೊರಟ ಅಧಿಕಾರಿ ಅಬ್ದುಲ್ ಹಕ್ ತಮ್ಮವೇ ಷೇರುಗಳನ್ನು ಸಂಸ್ಥಾನಕ್ಕೆ ಮಾರಿದ್ದರು. ವಿಷಯ ಬ್ರಿಟಿಷ್ ಪಾರ್ಲಿಮೆಂಟಿಗೆ ಹೋಗಿ 1888ರಲ್ಲಿ ವಿಚಾರಣೆ ನಡೆಯಿತು. ನೆಲ ನಮ್ಮದು, ಕಾಗದ ಲಂಡನ್ನಿನದು. ಓದಬೇಕಾದವರು ಸಕಾಲದಲ್ಲಿ ಓದಲಿಲ್ಲ.

ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಆಂಗ್ಲರು ನಡೆಸುತ್ತಿದ್ದ ಚಿನ್ನದ ಗಣಿ 1920ರಲ್ಲಿ ನಿಂತುಹೋಯಿತು. 1947ರಲ್ಲಿ ಅದಕ್ಕಾಗಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ನೋಂದಣಿಯಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಕನ್ನಡ ನಾಡನ್ನು ಸೇರಿತು. ಕಂಪನಿಯೂ ಹಟ್ಟಿ ಗೋಲ್ಡ್ ಮೈನ್ಸ್ ಎಂಬ ಹೆಸರನ್ನು ತಳೆಯಿತು. ನೆಲದ ಹೆಸರು ಕಾಗದಕ್ಕೂ ಬಂದಿತು.

ಹೆಸರು ಬದಲಾದರೆ ಕಂಪನಿ ಬೇರೆಯಾಗುವುದೇ? ಇಲ್ಲ. ಹಕ್ಕು, ಸಾಲ, ವ್ಯಾಜ್ಯಗಳೆಲ್ಲ ಮೊದಲಿನಂತೆಯೇ ಮುಂದುವರಿಯುತ್ತವೆಂದು ಕಾನೂನು ಹೇಳುತ್ತದೆ. ನಾಡು ಅತ್ತ ಸೇರಿದರೂ ಈ ನಗರದಲ್ಲೇ ಉಳಿದ ನಮಗೆ ಈ ಮಾತು ಹಿತವೆನಿಸುತ್ತದೆ. ನಮ್ಮ ಋಣವೂ ಹಕ್ಕೂ ಎರಡೂ ಕಡೆ ಉಳಿದಿವೆಯಷ್ಟೆ.

ಈಗ ನೋಂದಣಿಯೆಲ್ಲ ಕಂಪ್ಯೂಟರಿನ ಮೂಲಕವೇ ನಡೆಯುತ್ತದೆ. ಆದರೂ ಓದುವ ಕೆಲಸ ನಮ್ಮದೇ. ಉದ್ಯಮಕ್ಕಿಳಿಯುವ ನಮ್ಮ ತರುಣರಲ್ಲಿ ಅರಿಕೆ ಇಷ್ಟೆ: ಸಹಿಗೆ ಮುನ್ನ ಒಮ್ಮೆ ಓದಿರಿ. ಆ ತರುಣರು ಅಂದು ನಮ್ಮ ಮೇಜಿನ ಬಳಿಯೇ ಕುಳಿತು ಎಲ್ಲವನ್ನೂ ಓದಿ, ಆಮೇಲೆ ಖಾತೆ ತೆರೆದರು.